ಪುಟ ತೆರೆಯುತ್ತದೆ, ಡೇಟಾಬೇಸ್ ಸಿಗುವುದಿಲ್ಲ

ಪ್ರಶ್ನೆ: ಮಲ್ಪೆಯಲ್ಲಿ ನಮ್ಮದೊಂದು ಐಸ್ ಪ್ಲಾಂಟ್ ಇದೆ. ಯಾವ ಬೋಟಿಗೆ ಎಷ್ಟು ಐಸ್ ಹೋಯಿತು ಎಂಬ ಲೆಕ್ಕವೆಲ್ಲ ಎಕ್ಸಾಂಪ್ (ವೆಬ್ ಸರ್ವರ್, ಡೇಟಾಬೇಸ್ ಎಲ್ಲ ಒಟ್ಟಿಗೆ ಬರುವ ಸಾಫ್ಟ್‌ವೇರ್) ಹಾಕಿದ ಒಂದೇ ಕಂಪ್ಯೂಟರಿನಲ್ಲಿದೆ. ಕಳೆದ ವಾರ ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ಡೇಟಾಬೇಸ್ ನೋಡುವ ಪಿಎಚ್‌ಪಿಮೈಅಡ್ಮಿನ್ ಪುಟ ತೆರೆದರೆ ಕನೆಕ್ಟ್ ಆಗುತ್ತಿಲ್ಲ ಎನ್ನುತ್ತದೆ. ಜೊತೆಗೆ 2002 ಎಂಬ ನಂಬರ್. ಎಲ್ಲ ತೆಗೆದು ಹೊಸದಾಗಿ ಇನ್‌ಸ್ಟಾಲ್ ಮಾಡಲಾ ಸಾರ್?

ಉತ್ತರ: ಬೇಡ ಮಾರಾಯ್ರೆ! ನಿಮ್ಮ ಲೆಕ್ಕ ಇರುವುದು ಎಕ್ಸಾಂಪ್ ಫೋಲ್ಡರಿನ ಒಳಗೇ, ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಡೇಟಾ ಫೋಲ್ಡರಿನಲ್ಲಿ. ಅನ್‌ಇನ್‌ಸ್ಟಾಲ್ ಮಾಡಿದರೆ ಅದೂ ಹೋದೀತು. ನಾನೇ ಒಮ್ಮೆ ಹೀಗೆ ಅಂಗಡಿಯೊಂದರ ಸ್ಟಾಕ್ ಲೆಕ್ಕ ಕಳೆದು, ಬಿಲ್ ಪುಸ್ತಕ ನೋಡಿಕೊಂಡು ಎರಡು ರಾತ್ರಿ ಟೈಪ್ ಮಾಡಿದ್ದೇನೆ. ಮೊದಲು ಎಲ್ಲ ಸ್ಟಾಪ್ ಮಾಡಿ, ಆ ಡೇಟಾ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ಕಾಪಿ ಮಾಡಿ.

ಪುಟ ತೆರೆಯುತ್ತದೆ ಅಂದರೆ ಪುಟ ತೋರಿಸುವ ಅಪಾಚಿ, ಪಿಎಚ್‌ಪಿ ಎರಡೂ ಸರಿ ಇವೆ. ಅವು ನಿಮ್ಮ ಕೌಂಟರಿನಲ್ಲಿ ಕೂತ ಹುಡುಗನ ಹಾಗೆ. ಐಸ್ ಇರುವ ಕೋಣೆಯ ಬಾಗಿಲೇ ತೆರೆಯದಿದ್ದರೆ ಅವನೇನು ಮಾಡಿಯಾನು? 2002 ಅಂದರೆ ಇಷ್ಟೇ: ಬಾಗಿಲು ತಟ್ಟಿದೆ, ಒಳಗಿನಿಂದ ಉತ್ತರವಿಲ್ಲ. ಪಾಸ್‌ವರ್ಡ್ ಕೇಳುವ ಹಂತ ಇನ್ನೂ ಬಂದೇ ಇಲ್ಲ. ಸುಮ್ನೆ ಪಾಸ್‌ವರ್ಡ್ ಬದಲಿಸುತ್ತಾ ಕೂರಬೇಡಿ. ಅದು 1045 ಎಂಬ ಎರರ್ ಬಂದವರ ಕೆಲಸ.

ಈಗ ಎಕ್ಸಾಂಪ್‌ನ ಕಂಟ್ರೋಲ್ ಪ್ಯಾನಲ್‌ನಲ್ಲಿ ಮೈಎಸ್‌ಕ್ಯೂಎಲ್ ಸ್ಟಾರ್ಟ್ ಒತ್ತಿ. ಹಸಿರಾಗಿಯೇ ಉಳಿದು ಮತ್ತೆ 2002 ಬಂದರೆ ಪಕ್ಕದಲ್ಲಿ ಕಾಣುವ ಪೋರ್ಟ್ ನಂಬರ್, ಅಂದರೆ ತಟ್ಟಬೇಕಾದ ಬಾಗಿಲಿನ ನಂಬರ್, ನೋಡಿ. 3306 ಇರಬೇಕು. ಯಾರಾದರೂ 3307 ಮಾಡಿದ್ದರೆ ಪಿಎಚ್‌ಪಿಮೈಅಡ್ಮಿನ್‌ನ ಕಾನ್ಫಿಗ್ ಫೈಲ್‌ನಲ್ಲೂ ಅದನ್ನೇ ಬರೆಯಬೇಕು. ಬೇರೆ ಮೈಎಸ್‌ಕ್ಯೂಎಲ್ ಬಂದು 3306 ಹಿಡಿದಿದೆಯೋ ಏನೋ ಎಂದು ಹಲವರು ಹುಡುಕುತ್ತಾರೆ. ಹಾಗಾಗಿದ್ದರೆ ಅದೇ ಬಾಗಿಲು ತೆರೆಯುತ್ತಿತ್ತು, ನಿಮಗೆ 2002 ಬರುತ್ತಿರಲಿಲ್ಲ ಅಲ್ವಾ?

ಹಸಿರಾಗಿ ಕೂಡಲೇ ಆರಿ ಹೋದರೆ ಮತ್ತೆ ಮತ್ತೆ ಒತ್ತಬೇಡಿ. ಅದೇ ಸಾಲಿನ ಲಾಗ್ಸ್ ಬಟನ್ ಒತ್ತಿ ಎರರ್ ಲಾಗ್ ತೆರೆಯಿರಿ, ಕೆಳಗಿನಿಂದ ಮೇಲಕ್ಕೆ ಓದಿ. ಕರೆಂಟ್ ಹೋದ ಕೇಸಿನಲ್ಲಿ 'ಏರಿಯಾ ರಿಕವರಿ ಫೇಲ್ಡ್' ಎಂಬ ಸಾಲು ಜಾಸ್ತಿ ಕಾಣುತ್ತದೆ. ಪ್ಯಾನಲ್‌ನಲ್ಲಿ ಮೈಎಸ್‌ಕ್ಯೂಎಲ್ ಅಂತ ಇದ್ದರೂ ಈಗಿನ ಎಕ್ಸಾಂಪ್ ಒಳಗಿರುವುದು ಮೈಎಸ್‌ಕ್ಯೂಎಲ್‌ನಿಂದಲೇ ಹುಟ್ಟಿದ ಮಾರಿಯಾಡಿಬಿ. ಏರಿಯಾ (aria) ಅದರದೇ ಒಂದು ಸ್ಟೋರೇಜ್ ಎಂಜಿನ್, ಅಂದರೆ ಟೇಬಲ್‌ಗಳನ್ನು ಡಿಸ್ಕಿನಲ್ಲಿ ಬರೆದಿಡುವ ಭಾಗ. ಡೇಟಾ ಫೋಲ್ಡರಿನಲ್ಲಿ 'ಏರಿಯಾ_ಲಾಗ್' ಎಂದು ಶುರುವಾಗಿ, ಚುಕ್ಕಿ ಆದ ಮೇಲೆ 8 ಅಂಕಿ ಇರುವ ಫೈಲ್ ಇರುತ್ತದೆ. ಅದನ್ನು ಅಳಿಸುವುದು ಬೇಡ, ಬೇರೆ ಕಡೆ ಸರಿಸಿ ಸ್ಟಾರ್ಟ್ ಮಾಡಿ. ಆಮೇಲೂ ಟೇಬಲ್ ಹಾಳಾಗಿದೆ ಎಂದರೆ ರಿಪೇರಿಗೆ 'ಏರಿಯಾ_ಸಿಎಚ್‌ಕೆ' ಎಂಬ ಟೂಲ್ ಬಿನ್ ಫೋಲ್ಡರಿನಲ್ಲೇ ಇದೆ. 'ಐಬಿಡೇಟಾ1' ಎಂಬ ಫೈಲನ್ನು ಮಾತ್ರ ಯಾರು ಹೇಳಿದರೂ ತೆಗೆಯಬೇಡಿ. ಅದು ಹೋದರೆ ಟೇಬಲ್‌ಗಳ ಹೆಸರು ಕಾಣುತ್ತದೆ, ಲೆಕ್ಕ ತೆರೆಯುವುದಿಲ್ಲ.

ಲಾಗ್‌ನಲ್ಲಿ ಬೇರೇನೋ ಇದ್ದರೆ ಕೊನೆಯ 20 ಸಾಲು ಕಳಿಸಿ. ಮೊಬೈಲ್‌ನಲ್ಲಿ ಹೊಡೆದ ಫೋಟೋ ಬೇಡ, ಕಾಪಿ ಮಾಡಿದ ಅಕ್ಷರವೇ ಇರಲಿ.