ನಾಲ್ಕು ತಿಂಗಳ ಮಗುವಿನ ಬೆಳವಣಿಗೆಗೆ ಯಾವ ಆಟಿಕೆ ಕೊಳ್ಳಬೇಕು? ವಾಕರ್ ಬೇಕೇ?

ನಾಲ್ಕು ತಿಂಗಳ ಮಗುವಿನ ಬುದ್ಧಿ ಚುರುಕಾಗಲು ಯಾವ ಆಟಿಕೆ ತರಬೇಕು, ವಾಕರ್ ಈಗಲೇ ಕೊಂಡಿಡಬೇಕೇ ಎಂದು ಕೇಳಿದ್ದೀರಿ. ಇಬ್ಬರು ಮಕ್ಕಳನ್ನು ಬೆಳೆಸಿದವಳಾಗಿ ಹೇಳುವುದಾದರೆ, ಮೊದಲ ವರ್ಷದಲ್ಲಿ ಕೊಂಡು ತರಬೇಕಾದದ್ದು ತೀರಾ ಕಡಿಮೆ. ಮಗುವಿನ ಸದ್ದಿಗೆ ಓಗೊಡುವ ಜನ ಮತ್ತು ಕೈಕಾಲು ಆಡಿಸಲು ನೆಲ ಇದ್ದರೆ ಮುಕ್ಕಾಲು ಪಾಲು ಕೆಲಸ ಆದಂತೆಯೇ.

ಈ ವಯಸ್ಸಿನಲ್ಲಿ ಮಗು 'ಆ', 'ಊ' ಎನ್ನುತ್ತಿರುತ್ತದೆ. ಅದರ ಮುಖಕ್ಕೆ ಹತ್ತಿರವಾಗಿ ಕುಳಿತು, ಅದೇ ಸದ್ದನ್ನು ತಿರುಗಿ ಹೇಳಿ ಸುಮ್ಮನೆ ಕಾಯಿರಿ. ಅದು ನಿಮ್ಮ ತುಟಿಯನ್ನೇ ನೋಡುತ್ತದೆ, ಕಾಲು ಬಡಿಯುತ್ತದೆ, ಸ್ವಲ್ಪ ಹೊತ್ತಿನ ನಂತರ ತನ್ನ ಉತ್ತರ ಕೊಡುತ್ತದೆ. ದೊಡ್ಡವರಾದ ನಮಗೆ ಆ ನಡುವಿನ ಮೌನ ತಡೆಯಲಾಗದೆ ನಾವೇ ಮಾತು ಮುಂದುವರಿಸಿಬಿಡುತ್ತೇವೆ; ಆದರೆ ಸರದಿಯ ಮೇಲೆ ಮಾತಾಡುವುದನ್ನು ಮಗು ಕಲಿಯುವುದು ಅಲ್ಲಿಯೇ. ಮೊಬೈಲ್ ಅಥವಾ ಟಿವಿ ಹೀಗೆ ಕಾಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯೂ ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೆಂದೇ ಹೇಳಿದೆ.

ಇನ್ನೂ ಅಂಬೆಗಾಲಿಡದ ಮಗುವನ್ನು, ಅದು ಎಚ್ಚರವಿರುವಾಗ, ದಿನಕ್ಕೆ ಒಟ್ಟು 30 ನಿಮಿಷವಾದರೂ ಹಲವು ಸಲ ಬೋರಲು ಮಲಗಿಸಬೇಕೆಂಬುದು ಅದೇ ಮಾರ್ಗಸೂಚಿಯ ಸಲಹೆ. ಇದರಿಂದ ಕತ್ತು, ಭುಜ, ಬೆನ್ನು ಗಟ್ಟಿಯಾಗುತ್ತವೆ. ಮೊದಮೊದಲು ಅಳುವುದು ಸಹಜ. ಒಂದೆರಡು ನಿಮಿಷದಿಂದ ಆರಂಭಿಸಿ, ನೀವೂ ಎದುರಿಗೆ ಬೋರಲು ಮಲಗಿ ಮಾತಾಡಿಸಿ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ, ದಿಂಬಿಲ್ಲದ ಗಟ್ಟಿ ಹಾಸಿಗೆಯ ಮೇಲೆ.

ವಾಕರ್ ಖಂಡಿತ ಬೇಡ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಮೆಟ್ಟಿಲಿನಿಂದ ಉರುಳಿ ತಲೆಗೆ ಪೆಟ್ಟಾಗುವ ಅಪಾಯವಂತೂ ಇದ್ದೇ ಇದೆ. ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಆರು ತಿಂಗಳು ತುಂಬಿದ ಮೇಲೆ ಹಾಲಿನ ಜೊತೆ ಮೆತ್ತನೆಯ ಆಹಾರ ಆರಂಭಿಸಬಹುದು. ಎಂಟೊಂಬತ್ತು ತಿಂಗಳಿಗೆ ಒಂದು ಚಮಚವನ್ನು ಮಗುವಿನ ಕಣ್ಣೆದುರೇ ಬಟ್ಟೆಯಡಿ ಮುಚ್ಚಿಡಿ: ಬಟ್ಟೆ ಸರಿಸಿ ಹುಡುಕಿದರೆ, ಕಾಣದ ವಸ್ತುವೂ ಇದ್ದೇ ಇರುತ್ತದೆ ಎಂದು ಅದಕ್ಕೆ ತಿಳಿಯತೊಡಗಿದೆ ಎಂದರ್ಥ. ಯಾವ ಆಟಿಕೆಗೂ ಇದು ಕಡಿಮೆಯಿಲ್ಲ.

ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಬೇಡಿ. ಆರೋಗ್ಯವಂತ ಮಕ್ಕಳು ಸ್ವತಂತ್ರವಾಗಿ ನಡೆಯುವ ವಯಸ್ಸು ಸುಮಾರು 8ರಿಂದ 18 ತಿಂಗಳವರೆಗೆ ಹರಡಿದೆ, ಕೆಲವರು ಅಂಬೆಗಾಲಿಡದೆಯೇ ನಡೆಯುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ವಯಸ್ಸನ್ನು ವೈದ್ಯರು ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಲೆಕ್ಕ ಹಾಕಿ. ಆದರೆ ಕತ್ತು ಇನ್ನೂ ನಿಲ್ಲದಿದ್ದರೆ, ಸದ್ದಿಗೆ ಪ್ರತಿಕ್ರಿಯೆಯೇ ಇಲ್ಲದಿದ್ದರೆ, ಅಥವಾ ಮುಂದೆ ಎಂದಾದರೂ ಕಲಿತದ್ದನ್ನು ಮಗು ಮಾಡದೆ ಬಿಟ್ಟರೆ, ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿ.