ಎಸ್‌ಎಚ್‌ಎ-512 ದೊಡ್ಡದಾದರೂ ಎಸ್‌ಎಚ್‌ಎ-256ಕ್ಕಿಂತ ವೇಗವಾಗಿ ಓಡುವುದು ಹೇಗೆ?

ಎಸ್‌ಎಚ್‌ಎ-512 ಹೆಚ್ಚು ವೇಗವಾಗಿ ಓಡಿತೆಂಬ ನಿಮ್ಮ ಅಳತೆ ತಪ್ಪಿಲ್ಲ. ಇವೆರಡೂ ಹ್ಯಾಶ್‌ಗಳು, ಅಂದರೆ ಯಾವುದೇ ಗಾತ್ರದ ದತ್ತಾಂಶದಿಂದ ನಿಗದಿತ ಉದ್ದದ, ಬೆರಳಚ್ಚಿನಂಥ ಗುರುತನ್ನು ಲೆಕ್ಕಹಾಕುವ ವಿಧಾನಗಳು. ಎಸ್‌ಎಚ್‌ಎ-256 ಒಂದು ಸಲಕ್ಕೆ 64 ಬೈಟ್‌ಗಳ ಒಂದು ಖಂಡವನ್ನು ತೆಗೆದುಕೊಂಡು, 32 ಬಿಟ್‌ಗಳ ಪದಗಳ ಮೇಲೆ 64 ಸುತ್ತು ಲೆಕ್ಕ ಮಾಡುತ್ತದೆ. ಎಸ್‌ಎಚ್‌ಎ-512 ಒಂದು ಸಲಕ್ಕೆ 128 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ, ಅದರ ಪದಗಳು 64 ಬಿಟ್‌ಗಳವು, ಆದರೆ ಸುತ್ತುಗಳು 80 ಮಾತ್ರ. ಅಂದರೆ ಅಷ್ಟೇ ದತ್ತಾಂಶಕ್ಕೆ ಮೊದಲನೆಯದು 128 ಸುತ್ತು ಹಾಕಿದರೆ ಎರಡನೆಯದು 80ರಲ್ಲಿ ಮುಗಿಸುತ್ತದೆ. 64 ಬಿಟ್ ಪ್ರೊಸೆಸರ್‌ಗೆ ದೊಡ್ಡ ಪದವೂ ಚಿಕ್ಕ ಪದವೂ ಹೆಚ್ಚುಕಡಿಮೆ ಒಂದೇ ಶ್ರಮ.

ಆದರೆ ಇದನ್ನೇ ನಿಯಮವೆಂದು ನಂಬಬೇಡಿ. ಈಗಿನ ಅನೇಕ ಇಂಟೆಲ್, ಎಎಮ್‌ಡಿ, ಆರ್ಮ್ ಪ್ರೊಸೆಸರ್‌ಗಳಲ್ಲಿ ಎಸ್‌ಎಚ್‌ಎ-256ಕ್ಕೆಂದೇ ವಿಶೇಷ ಆದೇಶಗಳಿವೆ. ಅವುಗಳನ್ನು ಬಳಸಿದರೆ ಫಲಿತಾಂಶ ತಲೆಕೆಳಗಾಗುತ್ತದೆ. ಸಂದೇಶ 20 ಬೈಟ್‌ನಷ್ಟು ಚಿಕ್ಕದಾಗಿದ್ದರೂ ಅಷ್ಟೇ: ಎರಡಕ್ಕೂ ಒಂದೊಂದೇ ಖಂಡ ಸಾಕು, ಹಾಗಾಗಿ 64 ಸುತ್ತಿನದಕ್ಕೇ ಅನುಕೂಲ. ಆದ್ದರಿಂದ ನಿಮ್ಮದೇ ಯಂತ್ರದಲ್ಲಿ, ನಿಮ್ಮ ಕೆಲಸದಲ್ಲಿ ನಿಜವಾಗಿ ಬರುವ ಗಾತ್ರದ ಸಂದೇಶಗಳಿಂದಲೇ ಅಳೆಯಿರಿ. ಗೂಢಲಿಪಿ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಲ್‌ನ ‘ಸ್ಪೀಡ್’ ಆದೇಶ 16 ಬೈಟ್‌ನಿಂದ 16,384 ಬೈಟ್‌ವರೆಗಿನ ಗಾತ್ರಗಳನ್ನು ಬೇರೆಬೇರೆಯಾಗಿ ತೋರಿಸುತ್ತದೆ.

ದೊಡ್ಡ ಕಡತಗಳಿಗೆ 2020ರಲ್ಲಿ ಬಂದ ಬ್ಲೇಕ್3 ಎಂಬ ಹ್ಯಾಶ್ ನನ್ನ ಮೊದಲ ಆಯ್ಕೆ. ಅದು ಕಡತವನ್ನು 1,024 ಬೈಟ್‌ಗಳ ತುಂಡುಗಳಾಗಿ ಕತ್ತರಿಸಿ ಮರದಂತೆ ಜೋಡಿಸುವುದರಿಂದ ಹಲವು ಕೋರ್‌ಗಳು ಒಟ್ಟಿಗೆ ದುಡಿಯಬಹುದು. ವೇಗದ ಆಸೆಗೆ ಹಳೆಯ ಹ್ಯಾಶ್ ಎಮ್‌ಡಿ5ಗೆ ಮರಳಬೇಡಿ. ಅದರ ಸಂಘರ್ಷಗಳು, ಅಂದರೆ ಒಂದೇ ಗುರುತು ಕೊಡುವ ಬೇರೆಬೇರೆ ಸಂದೇಶಗಳು, 2004ರಲ್ಲೇ ಬಯಲಾಗಿವೆ.

ಪಾಸ್‌ವರ್ಡ್ ಉಳಿಸಲು ಮಾತ್ರ ಇವುಗಳಲ್ಲಿ ಯಾವುದನ್ನೂ ನೇರವಾಗಿ ಬಳಸಬೇಡಿ, ದಯವಿಟ್ಟು. ಅಲ್ಲಿ ವೇಗ ಕಳ್ಳನಿಗೆ ಕೊಟ್ಟ ಕೀಲಿಕೈ: ಊಹಿಸಿದ ಪಾಸ್‌ವರ್ಡ್‌ಗಳನ್ನು ಅವನು ಬೇಗಬೇಗನೆ ಪರೀಕ್ಷಿಸಬಹುದು. ಬೇಕೆಂದೇ ನಿಧಾನವಾಗಿರುವ, ಸಾಕಷ್ಟು ಮೆಮೊರಿ ಬೇಡುವ ಆರ್ಗಾನ್2 ಬಳಸಿ.