ರಣ ಒಣಗಲಿ ಬಿಡಿ

ಪ್ರಶ್ನೆ: ಗುಜರಾತಿನ ಉಪ್ಪುಬಯಲು, ಕಛ್‌ನ ಚಿಕ್ಕ ರಣ, ವರ್ಷಕ್ಕೆ ಎಂಟು ತಿಂಗಳು ಬರೀ ಧೂಳು. ಸೂರಜ್‌ಬಾರಿಯಲ್ಲಿ ಕಡಲ ಬಾಯಿ ಮುಚ್ಚಿ, ನದಿನೀರು ನಿಲ್ಲಿಸಿ ಸಿಹಿನೀರಿನ ಸರೋವರ ಮಾಡುತ್ತೇವೆಂದರೆ ಪರಿಸರದವರಿಗೇಕೆ ತಕರಾರು? ಹಕ್ಕಿಗಳಿಗೂ ನೀರು ಸಿಕ್ಕೀತಲ್ಲ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಅಂಚಿನ ಹಳ್ಳಿಗಳಿಗೆ ನೀರು ಬೇಕು, ಒಪ್ಪಿದೆ. ಆದರೆ ಕೆರೆ ಕಟ್ಟಿಸಿದವರ ನಾಡಿನ ನಮಗೆ ನಿಂತ ನೀರೆಲ್ಲ ಪುಣ್ಯ, ಒಣನೆಲವೆಲ್ಲ ಪಾಪ. ಇಷ್ಟು ಓದಿಕೊಂಡ ನಿಮ್ಮ ಪತ್ರವೂ ಅದೇ ಧಾಟಿ ಹಿಡಿಯಬೇಕೆ?

ಚಿಕ್ಕ ರಣದ ಜೀವವಿರುವುದು ನೀರು ಬಂದುಹೋಗುವುದರಲ್ಲಿ. ಮಳೆಗಾಲದಲ್ಲಿ ರೂಪೇಣ್, ಬನಾಸ್ ನದಿಗಳ ಸಿಹಿನೀರು ಒಳನಾಡಿನಿಂದ ಇಳಿಯುತ್ತದೆ. ಸೂರಜ್‌ಬಾರಿಯ ಕಡೆಯಿಂದ ಕಛ್ ಕೊಲ್ಲಿಯ ಉಬ್ಬರ ಏರುತ್ತದೆ. ಎರಡೂ ಬೆರೆತ ತೆಳುವಾದ ನೀರಿನಲ್ಲಿ ಸಿಗಡಿಮರಿಗಳು ಬೆಳೆದು, ಕೊಲ್ಲಿಗೆ ಮರಳುವಾಗ ಮೀನುಗಾರರ ಬಲೆಗೆ ಬೀಳುತ್ತವೆ. ಬಾಯಿ ಮುಚ್ಚಿದ ದಿನವೇ ಆ ದಾರಿ ಬಂದ್. ಅಕ್ಟೋಬರ್ ಹೊತ್ತಿಗೆ ನೀರಿಳಿದರೆ ಉಪ್ಪು ತೆಗೆಯುವ ಅಗರಿಯಾಗಳು ಬಾವಿ ತೋಡಿ, ನೆಲದಡಿಯ ಉಪ್ಪುನೀರೆತ್ತಿ ಪಾತಿಗೆ ಬಿಡುತ್ತಾರೆ.

ಇನ್ನು ಹಕ್ಕಿ. ರಾಜಹಂಸ (ಫ್ಲೆಮಿಂಗೊ) ಕೆಸರು ಗುಡ್ಡೆಹಾಕಿ ಒಂದೇ ಮೊಟ್ಟೆ ಇಡುತ್ತದೆ. ಕಾವು ಸುಮಾರು 28 ದಿನ, ಮರಿ ಹಾರಲು ಮತ್ತೆರಡು ಮೂರು ತಿಂಗಳು. ಅಷ್ಟೂ ಕಾಲ ಗೂಡಿನ ಸುತ್ತ ನೀರು ತೆಳ್ಳಗಿರಬೇಕು: ಬೇಗ ಇಂಗಿದರೆ ನಾಯಿ, ನರಿ; ಏರಿದರೆ ಮೊಟ್ಟೆ ಮುಳುಗಡೆ. ನೀರು ಸಿಹಿಯಾದರೆ ಮೀನು ನೆಲೆಯೂರಿ, ರಾಜಹಂಸ ಸೋಸಿ ತಿನ್ನುವ ಸಣ್ಣ ಜೀವಿಗಳನ್ನು ಮುಕ್ಕುತ್ತದೆ. ದಡಕ್ಕೆ ಜೊಂಡು ಹಬ್ಬುತ್ತದೆ. ಬಾತುಗಳೇನೋ ಬಂದಾವು. ಅವಕ್ಕೆ ದೇಶದಲ್ಲಿ ಜಲಾಶಯಗಳ ಬರವಿಲ್ಲ!

ಕಾಡುಕತ್ತೆಗೆಂದು 1973ರಲ್ಲಿ ಅಭಯಾರಣ್ಯವಾದದ್ದು 4,954 ಚದರ ಕಿ.ಮೀ. ಮಳೆಗಾಲದಲ್ಲಿ ‘ಬೇಟ್’ ಎಂಬ ದಿಬ್ಬಗಳ ಹುಲ್ಲೇ ಅವಕ್ಕೆ ಆಸರೆ. ನೆಲ ಒಣಗಿದ ಮೇಲೆ ದಿಬ್ಬದಿಂದ ದಿಬ್ಬಕ್ಕೆ ಓಡಾಟ. ವರ್ಷವಿಡೀ ನೀರು ನಿಂತರೆ ತಗ್ಗಿನ ಬೇಟ್ ಮುಳುಗುತ್ತದೆ, ಎತ್ತರದ್ದು ಸೆರೆಮನೆಯಾಗುತ್ತದೆ.

ಮರುಭೂಮಿಯನ್ನು ರಿಪೇರಿ ಮಾಡುವ ಚಟ ಹಳೆಯದು. ರಣ ಹರಡೀತೆಂದು 1961ರಲ್ಲಿ ಕಛ್‌ನದೇ ಬನ್ನಿ ಎಂಬ ಹುಲ್ಲುಗಾವಲಿಗೆ ಬಳ್ಳಾರಿ ಜಾಲಿ ತಂದು ನೆಟ್ಟರು. ಈಗ ಹುಲ್ಲು ಉಳಿಸಲು ಅದನ್ನೇ ಬೇರುಸಹಿತ ಕೀಳುತ್ತಿದ್ದಾರೆ. ಕಂದಾಯದವರಿಗೆ ಚಿಕ್ಕ ರಣ ‘ಸರ್ವೆ ನಂಬರ್ ಸೊನ್ನೆ’, ಅಂದರೆ ಅಳತೆಯಾಗದ ನೆಲ. ಹೀಗಾಗಿ ತಲೆಮಾರುಗಳಿಂದ ಉಪ್ಪು ತೆಗೆದವರ ಕೈಯಲ್ಲಿ ಪಹಣಿಯಿಲ್ಲ, ಯೋಜನೆ ಬರೆಯುವವರ ಕಣ್ಣಿಗೆ ಅದು ಖಾಲಿ ಜಾಗ. ಸಿಹಿನೀರು ಅಲ್ಲಿ ಏನು ಮಾಡುತ್ತದೆಂದು ಅಗರಿಯಾಗಳನ್ನೇ ಕೇಳಿ: ನರ್ಮದಾ ಕಾಲುವೆಯ ಹೆಚ್ಚುವರಿ ನೀರು ನುಗ್ಗಿ, ಕಟ್ಟುತ್ತಿದ್ದ ಉಪ್ಪು ಪಾತಿಯಲ್ಲೇ ಕರಗಿದ್ದುಂಟು. ಹಳ್ಳಿಗೆ ನೀರು ಬೇಕೆನ್ನುವವರು ಮೊದಲು ಆ ಪೋಲು ನೀರಿನ ಲೆಕ್ಕ ಕೇಳಲಿ.